ಪಿನ್ನಿನ ಬದಲು ತೊಳೆದುಹೋಗುವ ಅಂಟು

ಕ್ವಿಲ್ಟ್ ಮೂರು ಪದರಗಳ ಹೊದಿಕೆ. ಮೇಲೆ ತುಂಡುಬಟ್ಟೆಗಳನ್ನು ಜೋಡಿಸಿದ ಚಿತ್ತಾರ, ನಡುವೆ ಹತ್ತಿ ಅಥವಾ ಪಾಲಿಯೆಸ್ಟರಿನ ಮೆತ್ತನೆಯ ಹಾಸು, ಕೆಳಗೆ ಅಡಿಬಟ್ಟೆ. ಮೂರನ್ನೂ ಒಂದಾಗಿಸುವ ಹೊಲಿಗೆ ಬೀಳುವ ತನಕ ಯಾವ ಪದರವೂ ಜರುಗಬಾರದು. ಅದಕ್ಕೆಂದೇ ಹೊಲಿಯುವವರು ಉದ್ದುದ್ದನೆಯ ಕಚ್ಚಾ ಹೊಲಿಗೆ ಹಾಕುತ್ತಾರೆ, ಇಲ್ಲವೇ ಪಿನ್ನು ಚುಚ್ಚುತ್ತಾರೆ. ಅಮೆರಿಕದ ಕ್ವಿಲ್ಟ್ ಕಲಾವಿದರು ಮೂರನೆಯ ದಾರಿಯೊಂದನ್ನು ಬಳಕೆಗೆ ತಂದಿದ್ದಾರೆ. ಶಾಲೆಯ ಮಕ್ಕಳು ಕಾಗದ ಅಂಟಿಸಲು ಬಳಸುವ, ತೊಳೆದರೆ ಹೋಗುವ ಬಿಳಿ ಅಂಟೇ ಆ ದಾರಿ. ಇದನ್ನು ಕಲಿಸಿ ಹರಡಿದವರಲ್ಲಿ ಶರೋನ್ ಶಾಂಬರ್ ಅವರ ಹೆಸರು ಮುಖ್ಯವಾದುದು.

ಪಿನ್ನಿನ ತೊಡಕು ಅದು ಹಿಡಿಯುವ ರೀತಿಯಲ್ಲೇ ಇದೆ. ಪಿನ್ನು ಬಟ್ಟೆಯನ್ನು ಒಂದು ಬಿಂದುವಿನಲ್ಲಿ ಮಾತ್ರ ಹಿಡಿಯುತ್ತದೆ. ಪದರಗಳ ಒಳಹೊಕ್ಕು ಮತ್ತೆ ಮೇಲೆ ಬರುವಾಗ ಆ ಜಾಗವನ್ನು ಸ್ವಲ್ಪ ಉಬ್ಬಿಸುತ್ತದೆ. ಎರಡು ಪಿನ್ನುಗಳ ನಡುವಿನ ಬಟ್ಟೆಗೆ ಯಾವ ಹಿಡಿತವೂ ಇರುವುದಿಲ್ಲ. ಹೊಲಿಗೆ ಯಂತ್ರ ಈ ದೌರ್ಬಲ್ಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಯಂತ್ರದ ತಳದ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಮುಂದಕ್ಕೆ ಎಳೆಯುತ್ತವೆ, ಮೇಲಿನಿಂದ ಒತ್ತುವ ಪಾದ ಮೇಲಿನ ಬಟ್ಟೆಯನ್ನು ತಡೆಯುತ್ತದೆ. ಪ್ರತಿ ಹೊಲಿಗೆಯಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಾಗುತ್ತ ಸಾಲಿನ ಕೊನೆಗೆ ನೆರಿಗೆಯೊಂದು ಬಂದು ಕೂರುತ್ತದೆ. ಅದನ್ನು ತಡೆಯಲು ಪಿನ್ನುಗಳನ್ನು ಒತ್ತೊತ್ತಾಗಿ ಹಾಕಬೇಕು. ಎರಡೂವರೆ ಮೀಟರ್ ಉದ್ದಗಲದ ಹೊದಿಕೆಗೆ 10 ಸೆಂಟಿಮೀಟರಿಗೊಂದರಂತೆ ಹಾಕಿದರೂ 600ಕ್ಕೂ ಹೆಚ್ಚು ಪಿನ್ನುಗಳು ಬೇಕು. ಹೊಲಿಯುತ್ತ ಹೋದಂತೆ ಒಂದೊಂದನ್ನೂ ತೆಗೆಯಬೇಕು. ಮರೆತದ್ದಕ್ಕೆ ಸೂಜಿ ಬಡಿದರೆ ಸೂಜಿ ಮುರಿಯುತ್ತದೆ.

ಅಂಟು ಬಿಂದುವಿನ ಬದಲು ಗೆರೆಯುದ್ದಕ್ಕೂ ಹಿಡಿಯುತ್ತದೆ. ಸಾಮಾನ್ಯ ಬಿಳಿ ಅಂಟಿನ ಮುಖ್ಯ ವಸ್ತು ಪಾಲಿವಿನೈಲ್ ಅಸಿಟೇಟ್. ಇದನ್ನು 1912ರಲ್ಲಿ ಜರ್ಮನಿಯ ಫ್ರಿಟ್ಸ್ ಕ್ಲಾಟೆ ಕಂಡುಹಿಡಿದರು. ಇದು ನೀರಿನಲ್ಲಿ ಕರಗುವುದಿಲ್ಲ, ಅತಿ ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ತೇಲುತ್ತದೆ. ಅಂಟಿನ ಹಾಲಿನಂಥ ಬಣ್ಣಕ್ಕೆ ಈ ಕಣಗಳು ಬೆಳಕನ್ನು ಚದುರಿಸುವುದೇ ಕಾರಣ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಬೆಸೆದು ಪಾರದರ್ಶಕ ಪೊರೆಯಾಗುತ್ತವೆ. ಮರಗೆಲಸದ ಅಂಟಿನಲ್ಲಿ ಆಗುವುದು ಇದೇ. ಆ ಪೊರೆ ಮತ್ತೆ ನೀರಿಗೆ ಬಿದ್ದರೆ ಬೆಳ್ಳಗಾಗಿ ಉಬ್ಬಬಹುದು, ಕರಗಿ ಹೋಗುವುದಿಲ್ಲ. ಬಟ್ಟೆಗೆ ಅಂಥ ಅಂಟು ಹಾಕಿದರೆ ಗಡುಸು ಗೆರೆ ಶಾಶ್ವತವಾಗಿ ಉಳಿಯುತ್ತದೆ.

ತೊಳೆದುಹೋಗುವ ಅಂಟಿನಲ್ಲಿ ನೀರಿಗೆ ಕರಗುವ ಪಾಲಿಮರುಗಳ ಪಾಲು ಹೆಚ್ಚು. ಅವುಗಳಲ್ಲಿ ಬಹಳ ಬಳಕೆಯಲ್ಲಿರುವುದು ಪಾಲಿವಿನೈಲ್ ಆಲ್ಕೊಹಾಲ್. ಪಾಲಿವಿನೈಲ್ ಅಸಿಟೇಟಿನ ಸರಪಳಿಗಳಲ್ಲಿರುವ ಅಸಿಟೇಟ್ ಗುಂಪುಗಳನ್ನು ತೆಗೆದು ಅಲ್ಲಿ ಹೈಡ್ರಾಕ್ಸಿಲ್ ಗುಂಪುಗಳನ್ನು ಕೂರಿಸಿದರೆ ಇದು ಸಿಗುತ್ತದೆ. ಹತ್ತಿಯ ನಾರು ಸೆಲ್ಯುಲೋಸ್, ಅದರ ತುಂಬ ಇರುವುದೂ ಹೈಡ್ರಾಕ್ಸಿಲ್ ಗುಂಪುಗಳೇ. ಆದ್ದರಿಂದ ಅಂಟಿಗೂ ಹತ್ತಿಗೂ ನಡುವೆ ಹೈಡ್ರೋಜನ್ ಬಂಧಗಳು ಸುಲಭವಾಗಿ ಏರ್ಪಡುತ್ತವೆ. ಒಣಗಿದ ಅಂಟು ಗಟ್ಟಿಯಾಗಿ ಹಿಡಿಯುವುದು ಈ ಬಂಧಗಳ ಬಲದಿಂದ. ನೀರು ಒಳನುಗ್ಗಿದಾಗ ನೀರಿನ ಅಣುಗಳು ಆ ಬಂಧಗಳ ಜಾಗಕ್ಕೆ ತಾವೇ ಸೇರಿಕೊಳ್ಳುತ್ತವೆ, ಹಿಡಿತ ಬಿಡುತ್ತದೆ.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಶೇ. 88ರಷ್ಟು ಗುಂಪುಗಳು ಮಾತ್ರ ಬದಲಾದ ಪಾಲಿವಿನೈಲ್ ಆಲ್ಕೊಹಾಲ್ ತಣ್ಣೀರಿನಲ್ಲೇ ಕರಗುತ್ತದೆ, ಹೆಚ್ಚುಕಡಿಮೆ ಎಲ್ಲವೂ ಬದಲಾದದ್ದಕ್ಕೆ ಬಿಸಿನೀರು ಬೇಕು. ಅಡ್ಡಿಯಾಗುವ ಅಸಿಟೇಟ್ ಗುಂಪುಗಳು ಇಲ್ಲವಾದರೆ ಸರಪಳಿಗಳು ಒತ್ತಾಗಿ ಸಾಲುಗೂಡಿ ಹರಳುಗಟ್ಟುತ್ತವೆ, ನೀರಿಗೆ ದಾರಿ ಬಿಡುವುದಿಲ್ಲ. ಹೆಚ್ಚು ಹೊತ್ತು ಕಾಯಿಸಿದರೂ ಹೀಗೆ ಹರಳುಗಟ್ಟುವುದು ಹೆಚ್ಚುತ್ತದೆ. ಅಂಟನ್ನು ಒಣಗಿಸಲು ಇಸ್ತ್ರಿ ಪೆಟ್ಟಿಗೆ ಬಳಸುವವರು ನೆನಪಿಡಬೇಕಾದ ಮಾತು ಇದು.

ತೊಳೆದು ತೆಗೆಯುವ ಅಂಟು ಹೊಲಿಗೆಗೆ ಹೊಸತೆನಿಸಿದರೂ ಜವಳಿ ಲೋಕಕ್ಕೆ ಹಳೆಯ ವಿದ್ಯೆಯೇ. ಕೈಮಗ್ಗದ ನೇಕಾರರು ಉದ್ದಕ್ಕೆ ಬಿಗಿದ ಹಾಸುನೂಲು ತಿಕ್ಕಾಟಕ್ಕೆ ತುಂಡಾಗದಂತೆ ಗಂಜಿ ಹಾಕುತ್ತಾರೆ, ನೇಯ್ದಾದ ಮೇಲೆ ಅದನ್ನು ತೊಳೆದು ತೆಗೆಯಬಹುದು. ಗಿರಣಿಗಳು ಅದೇ ಕೆಲಸಕ್ಕೆ ಪಿಷ್ಟದ ಜೊತೆಗೆ ಪಾಲಿವಿನೈಲ್ ಆಲ್ಕೊಹಾಲನ್ನೂ ಬಳಸುತ್ತವೆ.

ಅಂಟಿನ ಬಳಕೆಯಲ್ಲಿ ಯಶಸ್ಸು ನಿಂತಿರುವುದು ಅದರ ಪ್ರಮಾಣದ ಮೇಲೆ. ಬಾಟಲಿಯ ಮೂತಿಗೆ ಸಣ್ಣ ಲೋಹದ ಕೊಳವೆ ಸಿಕ್ಕಿಸಿ ದಾರದಷ್ಟು ತೆಳುವಾದ ಗೆರೆ ಎಳೆಯಲಾಗುತ್ತದೆ. ಅಂಚುಪಟ್ಟಿ ಕೂಡಿಸುವಾಗ ಈ ಗೆರೆ ಹೊಲಿಗೆಯ ಆಚೆ ಬಿಡುವ ಅಂಚಿನೊಳಗೆ, ಅಂದರೆ ಸುಮಾರು 6 ಮಿಲಿಮೀಟರಿನೊಳಗೆ ಬೀಳಬೇಕು. ಮೇಲೆ ಪಟ್ಟಿಯನ್ನು ಒತ್ತಿ ಇಸ್ತ್ರಿ ಪೆಟ್ಟಿಗೆಯನ್ನು ಕೆಲವು ಕ್ಷಣ ಇಟ್ಟರೆ ನೀರು ಆವಿಯಾಗಿ ಹಿಡಿತ ಬರುತ್ತದೆ. ಸರಿಯಿಲ್ಲವೆನಿಸಿದರೆ ಮೆಲ್ಲಗೆ ಎಳೆದು ಬಿಡಿಸಿ ಮತ್ತೆ ಕೂಡಿಸಬಹುದು. ಅಂಚುಪಟ್ಟಿ, ಅದರ ಮೂಲೆಗಳು, ಮೇಲೆ ಕೂರಿಸುವ ಹೂ ಎಲೆಗಳ ಚಿತ್ತಾರ, ಪಟ್ಟೆ ಬಟ್ಟೆಗಳ ಗೆರೆ ಹೊಂದಿಸುವುದು, ಇಂಥ ಕೆಲಸಗಳಲ್ಲಿ ಪಿನ್ನು ಅಂಟಿಗೆ ಸಾಟಿಯಾಗದು.

ಇಡೀ ಹೊದಿಕೆಯ ಪದರಗಳನ್ನು ಅಂಟಿಸುವಾಗ ಗೆರೆಗಳನ್ನು ವಿರಳವಾಗಿ, ಅಂಕುಡೊಂಕಾಗಿ ಎಳೆದು ಪೂರ್ತಿ ಒಣಗಲು ಬಿಡಬೇಕು. ಹಸಿ ಅಂಟಿನ ಮೇಲೆ ಹೊಲಿದರೆ ಸೂಜಿಗೆ ಮೆತ್ತಿಕೊಂಡು ದಾರ ತುಂಡಾಗುತ್ತದೆ. ದಪ್ಪಗೆ ಒಣಗಿದ ಅಂಟು ಯಂತ್ರಕ್ಕೆ ಅಷ್ಟು ತೊಂದರೆ ಕೊಡದಿದ್ದರೂ ಕೈಸೂಜಿಗೆ ಕಷ್ಟ. ಕೈಹೊಲಿಗೆಯ ದೊಡ್ಡ ಹೊದಿಕೆಗೆ ಇಂದಿಗೂ ಕಚ್ಚಾ ಹೊಲಿಗೆಯೇ ಮೇಲು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿ ಎಂಬ ಹೊದಿಕೆಗೆ ಪದರಗಳನ್ನು ಮೊದಲೇ ಹಿಡಿದಿಡುವ ಪ್ರಶ್ನೆಯೇ ಬರುವುದಿಲ್ಲ. ಅವರು ಹಳೆಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಒಂದೊಂದಾಗಿ ಮಡಚಿಟ್ಟು, ಆಗಿಂದಾಗಲೇ ಹೊಲಿಯುತ್ತ ನಡುವಿನತ್ತ ಸಾಗುತ್ತಾರೆ. ಜೋಡಣೆಯೂ ಹೊಲಿಗೆಯೂ ಒಟ್ಟಿಗೇ ಮುಗಿಯುತ್ತವೆ.

ಹೊಲಿದು ಮುಗಿದ ಕ್ವಿಲ್ಟನ್ನು ತೊಳೆಯದೆ ಎತ್ತಿಡಬಾರದು. ಮೊದಲು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಅಂಟಿನ ಪೊರೆ ಉಬ್ಬಿ ಸಡಿಲಗೊಳ್ಳುತ್ತದೆ, ಆಮೇಲೆ ಒಗೆದರೆ ಹೋಗುತ್ತದೆ. ಇದೇ ಒಗೆತದಲ್ಲಿ ಹತ್ತಿಯ ಹಾಸು ಸಾಮಾನ್ಯವಾಗಿ ಶೇ. 3ರಿಂದ 5ರಷ್ಟು ಕುಗ್ಗಿ, ಹೊಲಿಗೆಗಳ ನಡುವೆ ಬಟ್ಟೆ ಮುದುಡಿಕೊಳ್ಳುತ್ತದೆ. ಹಳೆಯ ಕ್ವಿಲ್ಟಿನ ಕಳೆ ಇಷ್ಟಪಡುವವರಿಗೆ ಅದು ಬೇಕಾದದ್ದೇ. ಬಣ್ಣ ಬಿಡುವ ಗಾಢ ಕೆಂಪು, ನೀಲಿ ಬಟ್ಟೆಗಳನ್ನು ಹೊಲಿಯುವ ಮೊದಲೇ ಬೇರೆಯಾಗಿ ಒಗೆದಿರಬೇಕು. ಕೆಲವು ರೇಷ್ಮೆಗಳಂಥ ನೀರು ತಾಗಿಸಬಾರದ ಬಟ್ಟೆಗೂ, ಎಂದೂ ಒಗೆಯದ ಗೋಡೆಯ ಅಲಂಕಾರಕ್ಕೂ ಈ ವಿಧಾನ ಹೊಂದುವುದಿಲ್ಲ.

ಬಾಟಲಿಯ ಮೇಲೆ ‘ವಿಷಕಾರಿಯಲ್ಲ’ ಎಂದು ಬರೆದಿದ್ದ ಮಾತ್ರಕ್ಕೆ ಅಂಟು ತೊಳೆದುಹೋಗುತ್ತದೆ ಎಂದು ತಿಳಿಯಬಾರದು, ಅವೆರಡೂ ಬೇರೆ ಬೇರೆ ಗುಣಗಳು. ಹೊಲಿಯಲಿರುವ ಬಟ್ಟೆಯದೇ ಚೂರೊಂದರ ಮೇಲೆ ಅಂಟಿನ ಗೆರೆ ಎಳೆದು, ಇಸ್ತ್ರಿ ಮಾಡಿ, ಮರುದಿನ ತೊಳೆದು ಒಣಗಿಸಿ, ಬೆರಳಾಡಿಸಿ ನೋಡಬೇಕು. ಗಡುಸು ಉಳಿದಿದ್ದರೆ ಆ ಅಂಟನ್ನು ಕ್ವಿಲ್ಟಿಗೆ ಬಳಸಬೇಡಿ.