ಎಳೆಯುವ ಪಂಪು, ತಳ್ಳುವ ಪಂಪು: ಕೈಯಾರೆ ಕಟ್ಟಿದ ಕಾರಿಗೆ ಪೆಟ್ರೋಲ್ ಕೊಳವೆ

ಅರಸೀಕೆರೆ, ಬಾಣಾವರ, ತಿಪಟೂರು ಕಡೆಯ ತೆಂಗಿನ ತೋಟಗಳಲ್ಲಿ ಬೆಳೆದ ಮಕ್ಕಳಿಗೆ ಪಂಪ್‌ಸೆಟ್ಟಿನ ಒಂದು ಸಂಗತಿಯನ್ನು ಹೇಳಿಕೊಡಬೇಕಾಗಿಲ್ಲ. ತೆರೆದ ಬಾವಿಯ ದಂಡೆಯ ಮೇಲೆ ಕೂತ ಪಂಪು ನೀರನ್ನು ಕೆಳಗಿನಿಂದ ಎಳೆದುಕೊಳ್ಳಬೇಕು. ಬಾವಿಗೆ ಇಳಿಬಿಟ್ಟ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಮೋಟಾರು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಬರುವುದಿಲ್ಲ. ಆ ಬಿರುಕಿನಿಂದ ಒಂದು ಹನಿಯೂ ಹೊರಗೆ ಸೋರಿರುವುದಿಲ್ಲ. ಹೊರಗಿನ ಗಾಳಿ ಒಳಗೆ ನುಗ್ಗಿರುತ್ತದೆ. ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪಿಗೆ ಈ ತಾಪತ್ರಯವಿಲ್ಲ. ಅದು ನೀರಿನಲ್ಲೇ ಮುಳುಗಿ ಕೂತು ಮೇಲಕ್ಕೆ ತಳ್ಳುತ್ತದೆ. ಅದರ ಪೈಪು ಸೀಳಿದರೆ ನೀರು ಚಿಮ್ಮಿ ತಾನೇ ಜಾಗ ತೋರಿಸುತ್ತದೆ.

ಕಾರಿನ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲು ಸಾಗಿಸುವ ಕೊಳವೆಯ ಹಿಂದಿರುವ ತತ್ತ್ವವೂ ಇದೇ. ವ್ಯತ್ಯಾಸವೆಂದರೆ ತೋಟದಲ್ಲಿ ಸೋರಿದರೆ ಕೆಸರಾಗುತ್ತದೆ, ಇಲ್ಲಿ ಸೋರಿದರೆ ಬೆಂಕಿ ಹತ್ತುತ್ತದೆ.

ಇದು ದೊಡ್ಡ ಕಾರ್ಖಾನೆಗಳ ವಿಷಯ, ನಮಗೇಕೆ ಎನ್ನಬೇಡಿ. ನಮ್ಮ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ಒಂಟಿ ಸೀಟಿನ ರೇಸ್ ಕಾರುಗಳನ್ನು ಕಟ್ಟುತ್ತಾರೆ. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ 2003ರಲ್ಲಿ ಆರಂಭವಾದ 'ಅಶ್ವ ರೇಸಿಂಗ್' ಇಂಥದೊಂದು ತಂಡ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆದಿರುವ 'ಫಾರ್ಮುಲಾ ಭಾರತ್' ಸ್ಪರ್ಧೆಗಳಿಗೆ ದೇಶದ ನಾನಾ ಕಡೆಯ ಕಾಲೇಜುಗಳು ತಾವೇ ಕಟ್ಟಿದ ಕಾರುಗಳನ್ನು ತಂದಿವೆ. ಇಂಥ ಕಾರು ಓಡಬೇಕಾದ ಜಾಗವೂ ರೇಸ್ ಟ್ರ್ಯಾಕೇ. ರಸ್ತೆಯ ಕಾರನ್ನು ತಯಾರಕರು ನಿಗದಿ ಮಾಡಿದ ವಿವರಗಳಿಗೆ ವಿರುದ್ಧವಾಗಿ ಬದಲಾಯಿಸಲು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಬಿಡುವುದಿಲ್ಲ.

ಈಗ ಎಳೆಯುವ ಪಂಪಿಗೆ ಬರೋಣ. ಹಳೆಯ ಅಂಬಾಸಿಡರ್ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕು ಹಿಂದೆ, ಪಂಪು ಮುಂದೆ ಇಂಜಿನ್ನಿನ ಮೈಗೇ ಅಂಟಿಕೊಂಡು. ಬಿಸಿಲಿನಲ್ಲಿ ಘಾಟಿ ಹತ್ತುವಾಗ ಇಂಥ ಕಾರು ಕೆಮ್ಮಿ ನಿಂತುಬಿಡುತ್ತಿತ್ತು. ಡ್ರೈವರು ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದುದನ್ನು ನಿಮ್ಮ ತಂದೆಯವರು ಕಂಡಿರಬಹುದು. ಕಾರಣ ಏನು? ದ್ರವದ ಮೇಲಿನ ಒತ್ತಡ ಇಳಿದಷ್ಟೂ ಅದು ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ಅರಸೀಕೆರೆಯಲ್ಲಿ ನೀರು 100 ಡಿಗ್ರಿಗೆ ಮೊದಲೇ, 97 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವುದು ಇದರಿಂದಲೇ. ಪೆಟ್ರೋಲಿನ ಹಗುರವಾದ ಅಂಶಗಳಂತೂ ಮಾಮೂಲಿ ಒತ್ತಡದಲ್ಲೇ 40 ಡಿಗ್ರಿಯ ಹತ್ತಿರ ಕುದಿಯತೊಡಗುತ್ತವೆ. ಬಿಸಿ ಇಂಜಿನ್ನಿನ ಪಕ್ಕ ಕೂತ ಪಂಪು ಎಳೆದಾಗ ಕೊಳವೆಯೊಳಗಿನ ಒತ್ತಡ ಇನ್ನೂ ಇಳಿಯುತ್ತದೆ. ಪೆಟ್ರೋಲು ಅಲ್ಲೇ ಆವಿಯಾಗುತ್ತದೆ, ಆವಿಯನ್ನು ಆ ಪಂಪು ಎಳೆಯಲಾರದು. ಇದನ್ನೇ ವೇಪರ್ ಲಾಕ್ ಎನ್ನುತ್ತಾರೆ.

ಹಾಗಾಗಿ ಕೈಯಾರೆ ಕಾರು ಕಟ್ಟುವವರು ಮೊದಲು ತೀರ್ಮಾನಿಸಬೇಕಾದ್ದು ಕೊಳವೆಯ ವಿಷಯವಲ್ಲ, ಪಂಪಿನ ಜಾಗ. ವಿದ್ಯುತ್ ಪಂಪು ಟ್ಯಾಂಕಿನೊಳಗೇ ಇದ್ದರೆ ಉತ್ತಮ. ಇಲ್ಲವಾದರೆ ಟ್ಯಾಂಕಿಗೆ ಅಂಟಿದಂತೆ, ಅದರ ತಳಕ್ಕಿಂತ ತಗ್ಗಿನಲ್ಲಿ ಇರಬೇಕು. ಎಳೆಯುವ ಕೊಳವೆ ಗಿಡ್ಡವಾಗಿ, ದಪ್ಪವಾಗಿ ಇರಲಿ; ಉಳಿದ ದಾರಿಯೆಲ್ಲ ತಳ್ಳುವ ದಾರಿಯಾಗಲಿ. ಫಿಲ್ಟರಿನಲ್ಲೂ ಇದೇ ಲೆಕ್ಕ: ಪಂಪಿಗೆ ಮುಂಚೆ ದೊಡ್ಡ ಕಣ್ಣಿನ ಜರಡಿ, ಪಂಪಿನ ನಂತರ ಸಣ್ಣ ಕಣ್ಣಿನ ಫಿಲ್ಟರು. ತಿರುಗಾಮುರುಗಾ ಹಾಕಿದರೆ ಕಸ ಕಟ್ಟಿದ ಫಿಲ್ಟರೇ ವೇಪರ್ ಲಾಕ್ ತಂದೊಡ್ಡುತ್ತದೆ.

ತಳ್ಳುವ ದಾರಿಯಲ್ಲಿ ಒತ್ತಡ ಎಷ್ಟು? ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಸುಮಾರು 2 ಬಾರ್ ಇರುತ್ತದೆ. ಕಾರ್ಬ್ಯುರೇಟರಿಗೆ ಹೋಗುವ ಪೆಟ್ರೋಲಿನ ಒತ್ತಡ ಅದರ ಆರನೇ ಒಂದು ಪಾಲೂ ಇರಲಿಕ್ಕಿಲ್ಲ. ಆದರೆ ಫ್ಯೂಯೆಲ್ ಇಂಜೆಕ್ಷನ್ ಇದ್ದರೆ 3 ರಿಂದ 4 ಬಾರ್. ಅಂದರೆ ಟೈರಿಗಿಂತ ಹೆಚ್ಚು. ಒಂದಕ್ಕೆ ಸಾಕಾಗುವ ರಬ್ಬರ್ ಹೋಸು ಇನ್ನೊಂದಕ್ಕೆ ಸಾಲದು. ಹೋಸಿನ ಮೈಮೇಲೆ ಅಚ್ಚಾದ ಅಕ್ಷರಗಳನ್ನು ಓದಿ ಕೊಳ್ಳಬೇಕು: ಎಸ್‌ಎಇ ಜೆ30 ಆರ್7 ಎಂದಿದ್ದರೆ ಕಡಿಮೆ ಒತ್ತಡಕ್ಕೆ, ಆರ್9 ಎಂದಿದ್ದರೆ ಇಂಜೆಕ್ಷನ್ನಿಗೆ. ಅಕ್ಷರವೇ ಇಲ್ಲದ ಹೋಸನ್ನು ಅಂಗಡಿಯವರು ಎಷ್ಟೇ ಹೊಗಳಲಿ, ಅದನ್ನು ಮುಟ್ಟಬಾರದು. ಹನಿ ನೀರಾವರಿಗೆ ತಂದ ಪ್ಲಾಸ್ಟಿಕ್ ಕೊಳವೆ, ಒಳಗಿನದು ಕಾಣುತ್ತದೆಂದು ಎಲ್ಲರಿಗೂ ಪ್ರಿಯವಾದ ಪಾರದರ್ಶಕ ಕೊಳವೆ, ಇವೆರಡೂ ಬೇಡ. ಶಾಖಕ್ಕೆ ಮೆತ್ತಗಾಗುತ್ತವೆ, ಕೆಲವು ತಿಂಗಳಲ್ಲಿ ಗಟ್ಟಿಯಾಗಿ ಸೀಳುತ್ತವೆ. ಟ್ಯಾಂಕಿನಿಂದ ಇಂಜಿನ್ನಿನವರೆಗೆ ಪ್ಲಾಸ್ಟಿಕ್ ಕೊಳವೆಯನ್ನು ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಸ್ಪರ್ಧೆಗಳ ನಿಯಮಾವಳಿಯೇ ನಿಷೇಧಿಸಿದೆ.

ಇತ್ತೀಚಿನ ಇನ್ನೊಂದು ಸಂಗತಿ ಹಳೆಯ ಕಾರು ಇಟ್ಟುಕೊಂಡ ಮನೆಗಳಿಗೂ ಸಂಬಂಧಿಸಿದ್ದು. ನಮ್ಮ ಬಂಕುಗಳಿಗೆ 2023ರಿಂದ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಉಕ್ಕಿನ ಕೊಳವೆಯ ಒಳಗೆ ತುಕ್ಕಿಗೆ ದಾರಿ ಮಾಡುತ್ತದೆ. ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಆದ್ದರಿಂದ ಗುಜರಿಯಿಂದ ತಂದ ಹೋಸು ನೋಡಲು ಚೆನ್ನಾಗಿದ್ದರೂ ಬಿಸಾಡುವುದೇ ಲೇಸು. ಒಳಪದರ ಫ್ಲೋರಿನ್ ಸೇರಿದ ರಬ್ಬರಿನದಾಗಿದ್ದರೆ ಎಥನಾಲನ್ನು ತಡೆದುಕೊಳ್ಳುತ್ತದೆ. ಬೆಲೆ ಹೆಚ್ಚು, ನಿಜ. ಕಾರಿನ ಬಣ್ಣಕ್ಕೆ ಇಡುವ ದುಡ್ಡಿನಲ್ಲಿ ಸ್ವಲ್ಪ ಇತ್ತ ತಿರುಗಿಸಿದರೆ ಆಯಿತು.

ಕೊಳವೆಯನ್ನು ಎಲ್ಲಿ ಹಾಯಿಸಬೇಕು? ಉದ್ದದ ದಾರಿಗೆ ಉಕ್ಕಿನ ಇಲ್ಲವೆ ತಾಮ್ರ-ನಿಕಲ್ ಮಿಶ್ರಲೋಹದ ಕೊಳವೆ ಒಳ್ಳೆಯದು. ಬರೀ ತಾಮ್ರ ಬಗ್ಗಿಸಲು ಸುಲಭ, ಆದರೆ ಸದಾ ನಡುಗುವ ಜಾಗದಲ್ಲಿ ಅದು ಕ್ರಮೇಣ ಬಿರುಸಾಗಿ ಬಿರುಕು ಬಿಡುತ್ತದೆ. ಇಂಜಿನ್ನು ತನ್ನ ರಬ್ಬರ್ ಮೌಂಟುಗಳ ಮೇಲೆ ಅಲುಗಾಡುತ್ತದೆ, ಚಾಸಿ ಅಲುಗುವುದಿಲ್ಲ. ಇವೆರಡರ ನಡುವೆ ಮಾತ್ರ ಸ್ವಲ್ಪ ಸಡಿಲ ಬಿಟ್ಟು ರಬ್ಬರ್ ಹೋಸು ಇರಬೇಕು. ಸೈಲೆನ್ಸರ್ ಪೈಪು ಒಂದು ಪಕ್ಕದಲ್ಲಿದ್ದರೆ ಪೆಟ್ರೋಲು ಇನ್ನೊಂದು ಪಕ್ಕದಲ್ಲಿ ಹೋಗಲಿ. ತಗಡಿನ ತೂತಿನಲ್ಲಿ ಹಾಯುವಲ್ಲಿ ರಬ್ಬರ್ ಬಳೆ ಕೂರಿಸದಿದ್ದರೆ ತಗಡೇ ಗರಗಸವಾಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆದ ರ್ಯಾಲಿಗಳನ್ನು ನೋಡಿದವರಿಗೆ ಚಕ್ರದಿಂದ ಸಿಡಿಯುವ ಕಲ್ಲು ಎಂಥದೆಂದು ಗೊತ್ತು. ಆ ಏಟಿನಿಂದ ತಪ್ಪಿಸಲು ರ್ಯಾಲಿ ಕಾರುಗಳಲ್ಲಿ ಕೊಳವೆಯನ್ನು ಕಾರಿನ ಒಳಗಿನಿಂದಲೇ ತರಬಹುದು. ಆದರೆ ಚಾಲಕ ಕೂರುವ ಜಾಗದಲ್ಲಿ ಒಂದೇ ಒಂದು ಜೋಡಣೆಯೂ ಇರಕೂಡದು ಎನ್ನುತ್ತದೆ ಅಂತಾರಾಷ್ಟ್ರೀಯ ನಿಯಮ. ಸೋರುವುದು ಬಹುಪಾಲು ಜೋಡಣೆಯಲ್ಲೇ ತಾನೆ?

ಜೋಡಣೆಯಲ್ಲಿ ಎರಡು ಸಂಗತಿ ಗಮನಿಸಿ. ಲೋಹದ ಕೊಳವೆಯ ತುದಿ ನುಣ್ಣಗಿದ್ದರೆ ಹೋಸು ಜಾರಿ ಬರುತ್ತದೆ. ತುದಿಯ ಸುತ್ತ ಉಬ್ಬಿದ ಬಳೆಯಂಥ ಅಂಚು ಇರಬೇಕು. ಇನ್ನು ಕ್ಲ್ಯಾಂಪು. ತೋಟದ ಪೈಪಿಗೆ ಹಾಕುವ, ಪಟ್ಟಿಯಲ್ಲಿ ಸಾಲು ಸೀಳುಗಳಿರುವ ಸ್ಕ್ರೂ ಕ್ಲ್ಯಾಂಪು ಬಿಗಿದಾಗ ಆ ಸೀಳುಗಳೇ ರಬ್ಬರನ್ನು ಕೊರೆಯುತ್ತವೆ. ಅಂಚು ಮಡಿಸಿದ, ಪೂರ್ತಿ ಸುತ್ತುವರಿಯುವ, ನಟ್ಟು-ಬೋಲ್ಟಿನಿಂದ ಬಿಗಿಯುವ ಕ್ಲ್ಯಾಂಪು ಬೇರೆಯೇ ಸಿಗುತ್ತದೆ.

ವೇಗದ ಕಾರಿಗೆ ವಿಶೇಷವಾದ ಒಂದು ತೊಡಕಿದೆ. ತಿರುವಿನಲ್ಲಿ ಪೆಟ್ರೋಲೆಲ್ಲ ಟ್ಯಾಂಕಿನ ಒಂದು ಬದಿಗೆ ಸರಿಯುತ್ತದೆ, ಕೊಳವೆಯ ಬಾಯಿ ಬರೀ ಗಾಳಿ ಹೀರುತ್ತದೆ. ಇದಕ್ಕೆ ಟ್ಯಾಂಕಿನೊಳಗೆ ಅಡ್ಡ ತಗಡುಗಳನ್ನು ಹಾಕುತ್ತಾರೆ. ಇಲ್ಲವೆ ಸದಾ ತುಂಬಿರುವ ಒಂದು ಪುಟ್ಟ ಪಾತ್ರೆಯನ್ನು ಪಂಪಿಗೆ ಮುಂಚೆ ಇಡುತ್ತಾರೆ. ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಕಾರನ್ನು ಹಲಗೆಯ ಮೇಲೆ ನಿಲ್ಲಿಸಿ 60 ಡಿಗ್ರಿ ಓರೆ ಮಾಡುತ್ತಾರೆ. ಒಂದು ಹನಿಯೂ ಸೋರಕೂಡದು. ತ್ರಿಕೋನಮಿತಿ ಓದುತ್ತಿರುವವರು ಟ್ಯಾನ್ 60 ಎಷ್ಟೆಂದು ನೋಡಿ: 1.73. ತಿರುವಿನಲ್ಲಿ ಗುರುತ್ವದ 1.7ರಷ್ಟು ಪಕ್ಕದ ಬಲ ಬಿದ್ದಾಗ ಪೆಟ್ರೋಲು ಟ್ಯಾಂಕಿನಲ್ಲಿ ಎಷ್ಟು ಓರೆಯಾಗಿ ನಿಲ್ಲುತ್ತದೋ ಅಷ್ಟೇ ಓರೆ ಅದು.

ವಿದ್ಯುತ್ ಪಂಪಿಗೆ ಇಂಜಿನ್ನು ನಿಂತದ್ದು ತಾನಾಗಿ ತಿಳಿಯುವುದಿಲ್ಲ. ಅಪಘಾತವಾಗಿ ಕೊಳವೆ ಹರಿದರೂ ಅದು ತಳ್ಳುತ್ತಲೇ ಇರುತ್ತದೆ. ಆದ್ದರಿಂದ ಡಿಕ್ಕಿಯ ಜರ್ಕಿಗೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನು ಪಂಪಿನ ತಂತಿಗೆ ಜೋಡಿಸಲೇಬೇಕು.

ಕೆಲಸವನ್ನು ಬಯಲು ಗಾಳಿಯಲ್ಲಿ ಮಾಡಿ, ಬ್ಯಾಟರಿ ಕಳಚಿಟ್ಟು. ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಗ್ಯಾರೇಜಿನ ಗುಂಡಿಯಲ್ಲಿ ನೀರಿನಂತೆ ಕೆಳಗಿಳಿದು ನಿಲ್ಲುತ್ತದೆ, ಒಂದು ಬಲ್ಬಿನ ಕಿಡಿಗಾಗಿ ಕಾಯುತ್ತದೆ. ಬೆಂಕಿ ಆರಿಸುವ ಪುಡಿಯ ಸಿಲಿಂಡರು ಕೈಗೆಟುಕುವಂತಿರಲಿ. ನೀರು ಸುರಿದರೆ ಪೆಟ್ರೋಲು ಅದರ ಮೇಲೆ ತೇಲಿ ಬೆಂಕಿ ಹರಡುತ್ತದೆ. ಕೊಳವೆಗೆ ಬಾಯಿ ಹಚ್ಚಿ ಪೆಟ್ರೋಲು ಎಳೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಕುತ್ತು. ಕೈಪಂಪು ಬಳಸಿ.

ಎಲ್ಲ ಜೋಡಿಸಿದ ಮೇಲೆ ಬ್ಯಾಟರಿ ಸಿಕ್ಕಿಸಿ, ಇಂಜಿನ್ನು ಚಾಲೂ ಮಾಡದೆ ಪಂಪನ್ನು ಮಾತ್ರ ಓಡಿಸಿ. ಒತ್ತಡ ಏರಿದಾಗ ಪ್ರತಿ ಜೋಡಣೆಯ ಸುತ್ತ ಒಣ ಕಾಗದ ಸವರಿ ನೋಡಿ. ತಳ್ಳುವ ಕಡೆಯ ಸೋರಿಕೆ ಕಾಗದದಲ್ಲಿ ಕಾಣುತ್ತದೆ. ಎಳೆಯುವ ಕಡೆಯದು ಕಾಣದೇ ಹೋಗಬಹುದು. ಅದನ್ನು ಪತ್ತೆ ಮಾಡಲು ಟ್ಯಾಂಕಿಗೆ ಮರಳುವ ಕೊಳವೆಯ ಬಾಯಲ್ಲಿ ಗುಳ್ಳೆಗಳು ಬರುತ್ತವೆಯೇ ಎಂದು ನೋಡಬೇಕು. ಮೊದಲ ಹತ್ತು ಕಿಲೋಮೀಟರ್ ಓಡಿಸಿ, ಇಂಜಿನ್ನು ಪೂರ್ತಿ ತಣ್ಣಗಾದ ನಂತರ ಕ್ಲ್ಯಾಂಪುಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ಅಷ್ಟರಲ್ಲಿ ಹೊಸ ರಬ್ಬರು ಬಿಸಿಗೆ ತುಸು ಕುಗ್ಗಿರುತ್ತದೆ.