ತಂತಿ ಬದಲಿಸದ ಬಾಸ್ ವಾದಕ

ತಂತಿ ಮಂಕಾಯಿತೆಂದು ಗಿಟಾರ್ ವಾದಕರು ಆಗಾಗ ಹೊಸದನ್ನು ಹಾಕಿಕೊಳ್ಳುತ್ತಾರೆ. ಜೇಮ್ಸ್ ಜೇಮರ್ಸನ್ ಮಾತ್ರ ತಂತಿ ತುಂಡಾಗುವವರೆಗೂ ಅದರ ತಂಟೆಗೆ ಹೋಗುತ್ತಿರಲಿಲ್ಲ. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಿಂದ ಹೊರಬಿದ್ದ ಅದೆಷ್ಟೋ ಹಾಡುಗಳ ತಳದಲ್ಲಿ ಕೇಳುವುದು ಅವರ 1962ರ ಫೆಂಡರ್ ಪ್ರಿಸಿಷನ್ ಬಾಸ್ ಗಿಟಾರ್. ಬೆರಳಿನ ಬೆವರು, ಜಿಡ್ಡು, ಕೊಳೆಯನ್ನೆಲ್ಲ ಕುಡಿದು ಕೂತಿದ್ದ ಅದರ ತಂತಿಗಳು ಲಾ ಬೆಲ್ಲಾ ಕಂಪನಿಯ ಫ್ಲಾಟ್‌ವೂಂಡ್, ಅಂದರೆ ಚಪ್ಪಟೆ ಸುತ್ತಿನವು.

ತಂತಿಗೆ ಸುತ್ತು ಯಾಕೆ? ಬಾಸ್‌ನ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಬಾರಿಯಷ್ಟೇ ಕಂಪಿಸಬೇಕು. ಅಷ್ಟು ನಿಧಾನಕ್ಕೆ ತೂಕ ಬೇಕು. ತೂಕಕ್ಕೆಂದು ದಪ್ಪನೆಯ ಒಂಟಿ ಉಕ್ಕಿನ ತಂತಿ ಬಿಗಿದರೆ ಅದು ಸರಳಿನಂತೆ ಸೆಟೆದುಕೊಂಡು ಅಪಶ್ರುತಿ ಹಾಡುತ್ತದೆ. ಆದ್ದರಿಂದ ನಡುವೆ ಸಣ್ಣ ಉಕ್ಕಿನ ಎಳೆ, ಅದರ ಮೈಮೇಲೆ ಇನ್ನೊಂದು ಲೋಹದ ಒತ್ತೊತ್ತಾದ ಸುತ್ತು. ಹೊರಸುತ್ತು ದುಂಡು ತಂತಿಯದಾದರೆ ಮೈ ತರಿತರಿ, ಚಪ್ಪಟೆ ಪಟ್ಟಿಯದಾದರೆ ನುಣುಪು.

ಈ ನುಣುಪು ದನಿಯನ್ನೇ ಬದಲಿಸಿಬಿಡುತ್ತದೆ. ತಂತಿ ಮೀಟಿದಾಗ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ವೇಗದ ಕಂಪನಗಳೂ ಏಳುತ್ತವೆ. ಇವು ಅಧಿಸ್ವರಗಳು, ತಂತಿಯ ಝಣಝಣವೆಲ್ಲ ಇವುಗಳದೇ. ಮೇಲಿನ ಅಧಿಸ್ವರಕ್ಕೆ ಹೋದಷ್ಟೂ ತಂತಿ ಚಿಕ್ಕ ಚಿಕ್ಕ ಅಲೆಗಳಾಗಿ ಬಾಗಬೇಕು. ಚಪ್ಪಟೆ ಪಟ್ಟಿಯ ಸುತ್ತುಗಳು ಅಂಚಿಗೆ ಅಂಚು ತಾಗಿಸಿಕೊಂಡಿರುವುದರಿಂದ ಬಾಗಿದಾಗಲೆಲ್ಲ ಒಂದಕ್ಕೊಂದು ಉಜ್ಜುತ್ತವೆ, ಕಂಪನದ ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಮೇಲಿನವು ಬೇಗ ಅಡಗಿ, ಮೂಲ ಸ್ವರವೂ ಅದರ ಆಸುಪಾಸಿನವೂ ಉಳಿಯುತ್ತವೆ. ದುಂಡನೆಯ ‘ದುಂ’ ಹುಟ್ಟುವುದು ಹೀಗೆ. ಬೆರಳು ಜಾರಿಸುವಾಗಿನ ಕಿರಿಕಿರಿ ಸದ್ದು ಕಡಿಮೆ, ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳೂ ಅಷ್ಟಾಗಿ ಸವೆಯುವುದಿಲ್ಲ.

ಜೇಮರ್ಸನ್ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೊಯ್ದರು. ಅವರ ತಂತಿಗಳಲ್ಲಿ ದಪ್ಪನೆಯದು 2.8 ಮಿಲಿಮೀಟರ್, ಸಾಲದ್ದಕ್ಕೆ ತಂತಿಗಳ ಬುಡದಲ್ಲಿರುವ ಬ್ರಿಡ್ಜಿನ ಮುಚ್ಚಳದಡಿ, ಕಂಪನ ಅಡಗಿಸಲು ಒಂದು ತುಂಡು ಸ್ಪಂಜು. ನುಡಿಸುತ್ತಿದ್ದದ್ದು ಬಲಗೈಯ ತೋರುಬೆರಳೊಂದರಲ್ಲೇ. ಸ್ವರಕ್ಕೆ ಇಷ್ಟೆಲ್ಲ ಕಡಿವಾಣ ಹಾಕಿದ ಮನುಷ್ಯ ನುಡಿಸಿದ್ದಾದರೂ ಎಂಥದ್ದು! 1967ರ ‘ಏಂಟ್ ನೋ ಮೌಂಟನ್ ಹೈ ಎನಫ್’ ಕೇಳಿ: ಬಾಸ್ ಒಂದು ಕಡೆ ನಿಲ್ಲುವುದೇ ಇಲ್ಲ, ತಾಳದ ಸಂದುಗೊಂದಿನಲ್ಲೆಲ್ಲ ನುಸುಳುತ್ತದೆ. ಒಂದು ಸ್ವರ ಆರಿದ ಮೇಲೇ ಇನ್ನೊಂದು ಬರುವುದರಿಂದ ಅಷ್ಟು ಒತ್ತಾದ ನಡೆಯೂ ಕಲಸಿಹೋಗುವುದಿಲ್ಲ, ಹಾಡುವವರ ದಾರಿಗೂ ಅಡ್ಡಬರುವುದಿಲ್ಲ. ಇದನ್ನೇ ಝಣಗುಡುವ ತಂತಿಯಲ್ಲಿ ನುಡಿಸಿದ್ದರೆ ಸಂತೆಯಾಗುತ್ತಿತ್ತು.

ಆ ಝಣಝಣವೇ ಬೇಕೆಂದವರೂ ಇದ್ದರು. 1966ರಲ್ಲಿ ‘ದಿ ಹೂ’ ರಾಕ್ ತಂಡದ ಬಾಸ್ ವಾದಕ ಜಾನ್ ಎಂಟ್‌ವಿಸಲ್, ಬಾಸ್ ಪಿಯಾನೊದಂತೆ ಮೊಳಗಬೇಕೆಂದು ಇಂಗ್ಲೆಂಡಿನ ರೋಟೊಸೌಂಡ್ ಕಂಪನಿಯೊಡನೆ ಕೂತು ದುಂಡು ಸುತ್ತಿನ ತಂತಿಗಳನ್ನು ರೂಪಿಸಿದರು. ರಾಕ್ ಸಂಗೀತ ಬಹುಪಾಲು ಅತ್ತಲೇ ವಾಲಿತು.

ಬಹುಪಾಲು, ಪೂರ್ತಿಯಲ್ಲ. ಹೆವಿ ಮೆಟಲ್‌ನ ಅಬ್ಬರಕ್ಕೆ ಹೆಸರಾದ ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಬಿಗಿಯುವುದು ಚಪ್ಪಟೆ ಸುತ್ತಿನ ತಂತಿಗಳನ್ನೇ. ಅವರ ಹೆಸರಿನಲ್ಲೇ ಅವನ್ನು ತಯಾರಿಸಿ ಮಾರುತ್ತಿರುವುದು ಅದೇ ರೋಟೊಸೌಂಡ್. ಜೇಮರ್ಸನ್‌ಗೆ ಹಳತಾದಷ್ಟೂ ಹಿತವೆನಿಸಿದ ತಂತಿ ಹ್ಯಾರಿಸ್‌ಗೆ ಹೊಸದಾಗಿದ್ದಾಗಲೇ ಬೇಕು. ಇನ್ನೂ ಜಿಡ್ಡು ಹಿಡಿಯದ ಚಪ್ಪಟೆ ಸುತ್ತಿನಲ್ಲಿ ಖಣಿಲು ಸ್ವಲ್ಪ ಉಳಿದಿರುತ್ತದೆ, ಅವರು ಹುಡುಕುವುದು ಅದನ್ನೇ.