ಕೋರಮಂಡಲ್ ಮಕ್ಕಳ ಕೈಗೆ ಕ್ಯಾಮೆರಾ

ಚಿನ್ನದ ಗಣಿಯ ಊರು ಕೆಜಿಎಫ್ ಅಂದರೆ ಈಗ ದೇಶಕ್ಕೆಲ್ಲ ನೆನಪಾಗುವುದು ಸಿನಿಮಾ. 2018ರಲ್ಲಿ ಪ್ರಶಾಂತ್ ನೀಲ್ ಅದನ್ನು ತೆರೆಗೆ ತಂದರು. 2024ರಲ್ಲಿ ಪಾ. ರಂಜಿತ್ ಅದೇ ಗಣಿ ನೆಲದ ಮೇಲೆ ‘ತಂಗಲಾನ್’ ಮಾಡಿದರು. ಎರಡೂ ಹೊರಗಿನವರು ಕಂಡ ಊರು. ಕೆಜಿಎಫ್‌ನ ಕೋರಮಂಡಲ್ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವ ಹುಡುಗ ಹುಡುಗಿಯರು ತಮ್ಮ ಊರನ್ನು ಹೇಗೆ ಕಾಣುತ್ತಾರೋ, ನನಗೆ ನೋಡಬೇಕಿರುವುದು ಆ ಸಿನಿಮಾ.

ಆಗದ ಮಾತೇನಲ್ಲ. ವೈದ್ಯಕೀಯ ಓದಿದ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್‌ನ ಒಂದು ವರ್ಷದ ಟಿವಿ ಕೋರ್ಸಿನ ಕೊನೆಗೆ ಕನ್ನಡದಲ್ಲಿ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಕಿರುಚಿತ್ರ ಮಾಡಿದರು. ಕಥೆ ನಮಗೆಲ್ಲ ಗೊತ್ತಿರುವ ಅಜ್ಜಿ-ಕೋಳಿಯದು. ಮುದುಕಿ ಹುಂಜ ಕದ್ದೊಯ್ಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಸೂರ್ಯ ಹುಟ್ಟದ ಕಥೆಯಾದ್ದರಿಂದ ಚಿತ್ರೀಕರಣವೆಲ್ಲ ರಾತ್ರಿಯಲ್ಲೇ ನಡೆಯಬೇಕಿತ್ತು. ಸಿಕ್ಕಿದ್ದು ನಾಲ್ಕೇ ದಿನ. ಕ್ಯಾಮೆರಾ ಹಿಡಿದ ಸೂರಜ್ ಠಾಕೂರ್, ಸಂಕಲನ ಮಾಡಿದ ಮನೋಜ್ ವಿ., ಧ್ವನಿ ನೋಡಿಕೊಂಡ ಅಭಿಷೇಕ್ ಕದಮ್ ಎಲ್ಲರೂ ಅಲ್ಲಿನ ವಿದ್ಯಾರ್ಥಿಗಳೇ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ‘ಲಾ ಸಿನೆಫ್’ನಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಜಗತ್ತಿನ 555 ಫಿಲಂ ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಆಯ್ಕೆಯಾಗಿದ್ದು ಬರೀ 18.

ಸ್ವಂತ ಅಭಿವ್ಯಕ್ತಿ ಎಂದರೆ ತನ್ನ ಬಗ್ಗೆಯೇ ಹೇಳಿಕೊಳ್ಳುವುದು ಎಂದು ತಿಳಿದ ಹುಡುಗರು ಈ ಚಿತ್ರ ನೋಡಬೇಕು. ಇದರಲ್ಲಿ ನಿರ್ದೇಶಕನ ಜೀವನ ಎಲ್ಲೂ ಇಲ್ಲ. ಆದರೂ ಪ್ರತಿ ಶಾಟ್‌ನಲ್ಲೂ ಅವನಿದ್ದಾನೆ. ಎಷ್ಟು ಕತ್ತಲೆ, ಮುದುಕಿಯ ಮುಖಕ್ಕೆ ಎಷ್ಟು ಬೆಳಕು ಎಂಬ ತೀರ್ಮಾನಗಳಲ್ಲೇ ಅವನ ಮನಸ್ಸು ಕಾಣುತ್ತದೆ. ಫಾರ್ಮಸಿ ಓದಿ ಅದೇ ಪುಣೆಗೆ ಹೋದ ಗಿರೀಶ್ ಕಾಸರವಳ್ಳಿ ಅವರ ವಿದ್ಯಾರ್ಥಿ ಚಿತ್ರ ‘ಅವಶೇಷ’ಕ್ಕೂ ರಾಷ್ಟ್ರಪ್ರಶಸ್ತಿ ಸಿಕ್ಕಿತ್ತು. ಎರಡೇ ವರ್ಷದಲ್ಲಿ, 1977ರಲ್ಲಿ, ಅವರ ಸಿನಿಮಾ ‘ಘಟಶ್ರಾದ್ಧ’ ಬಂತು.

ಕೋರಮಂಡಲ್‌ನಲ್ಲಿ ಕಥೆಗೇನು ಬರ? 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂದ ತಾತಂದಿರು ಇನ್ನೂ ಮನೆಗಳಲ್ಲಿದ್ದಾರೆ. ಗಾಳಿ ಎದ್ದರೆ ಗಣಿ ತ್ಯಾಜ್ಯದ ಸೈನೈಡ್ ದಿಬ್ಬದ ಧೂಳು ಒಳಮನೆಗೆ ಬರುತ್ತದೆ. ಒಂದೇ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಕೇಳುತ್ತದೆ. ಮೈಕನ್ನು ಹತ್ತು ನಿಮಿಷ ಅಲ್ಲಿಟ್ಟರೆ ಸಾಕು, ಯಾವ ಸ್ಟುಡಿಯೋದಲ್ಲೂ ಸಿಗದ ಧ್ವನಿಪಟ್ಟಿ ಸಿಗುತ್ತದೆ. ಆ ತಾತಂದಿರಿಗೆ ವಯಸ್ಸಾಗುತ್ತಿದೆ, ಅದೇ ನನ್ನ ಆತಂಕ.

ಕೆಜಿಎಫ್, ಬಂಗಾರಪೇಟೆಯ ಕಾಲೇಜುಗಳ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆಯಾದರೂ ಒಂದು ಕೊಠಡಿ, ಒಂದು ಪ್ರೊಜೆಕ್ಟರ್ ಬಿಟ್ಟುಕೊಡಿ. ಮಕ್ಕಳು ಫೋನಿನಲ್ಲಿ ತೆಗೆದ ಹತ್ತು ನಿಮಿಷದ ಚಿತ್ರವನ್ನು ಅವರ ಅಪ್ಪ, ಅಮ್ಮ, ತಾತನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ತೋರಿಸಿ.